ಎರಡನೆಯ ಭೇಟಿ

ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ, ದೂಳಿನಿಂದ ಎದೆಯ ಒಳಪೊರೆಗೆ ಬರುವ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡುವುದು ನನ್ನ ವೃತ್ತಿ. ವಿದ್ಯಾರ್ಥಿಗಳಿಗೆ ನಾನು ಹುಮನಾಬಾದಿನ ಒಬ್ಬ ಹೆಂಗಸಿನ ಕತೆ ಹೇಳುತ್ತೇನೆ. ಕತೆಯಲ್ಲಿ ಆಕೆ ಒಂದೇ ಸಲ ಬರುತ್ತಾಳೆ, ನಾನು ಕೂಡಲೇ ರೋಗ ಗುರುತಿಸುತ್ತೇನೆ. ಅದು ಸುಳ್ಳು. ಆಕೆ ಎರಡು ಸಲ ಬಂದಿದ್ದಳು.

ಮೊದಲ ಸಲ, "ಏನ್ ಕೆಲಸಾ ಮಾಡ್ತೀರಿ?" ಎಂದು ಆಕೆಯನ್ನು ಕೇಳಿದೆ. ಉತ್ತರ ಕೊಟ್ಟದ್ದು ಗಂಡ.

"ಆಕಿ ಏನ್ ಕೆಲಸಾ ಮಾಡ್ತಾಳ್ರಿ ಸಾಹೇಬ್ರ, ಮನ್ಯಾಗ ಕುಂತು ನನಗ ಬೈತಾಳ."

ಮೂವರೂ ನಕ್ಕೆವು. ಬಸವಕಲ್ಯಾಣದ ನಮ್ಮ ಮನೆಯಲ್ಲೂ ಅವ್ವನನ್ನು ಕೇಳಿದ್ದಕ್ಕೆ ಅಪ್ಪನೇ ಉತ್ತರಿಸುತ್ತಿದ್ದ, ನನಗೇನೂ ಅನ್ನಿಸಲಿಲ್ಲ. 'ಕೆಲಸ: ಇಲ್ಲ' ಎಂದು ಚೀಟಿಯಲ್ಲಿ ಬರೆದು, ಎದೆಯ ನೀರು ತೆಗೆದು, ಕ್ಷಯವೆಂದು ತಿಳಿದು ಅದರ ಮಾತ್ರೆ ಕೊಟ್ಟೆ.

ಆರು ತಿಂಗಳ ಮೇಲೆ ಎದೆಯಲ್ಲಿ ಮತ್ತೆ ನೀರು ತುಂಬಿಕೊಂಡು ಬಂದಳು. ಗಂಡ ಕಲ್ನಾರಿನ ಸಿಮೆಂಟ್ ಶೀಟು ಕೊಯ್ಯುವ ಕೆಲಸದಿಂದ ನೇರ ಬಂದಿದ್ದ. ಅವನು ಕುರ್ಚಿಯಲ್ಲಿ ಕೂರುವ ಮೊದಲು ಆಕೆ ಅವನ ಅಂಗಿಯ ಬೆನ್ನನ್ನು ಅಂಗೈಯಿಂದ ಝಾಡಿಸಿದಳು. ಬಿಳಿ ದೂಳು ಎದ್ದಿತು.

"ದಿನಾ ಹಿಂಗ ಝಾಡಸ್ತೀರೇನು?"

"ಇಪ್ಪತ್ತು ವರ್ಷಾತ್ರಿ. ಝಾಡಸಲಾರದ ತೊಳದ್ರ ನೀರೆಲ್ಲಾ ರಾಡಿ ಆಗ್ತದ."

ಪೊರೆಯ ಚೂರು ತೆಗೆದು ಪರೀಕ್ಷಿಸಿದಾಗ ಅದೇ ಕ್ಯಾನ್ಸರು. ಕೊಯ್ದು ತೆಗೆಯುವ ಹಂತ ದಾಟಿತ್ತು.

"ಮೊದಲೇ ಬಂದಿದ್ರ ಆಪರೇಷನ್ ಆಗ್ತಿತ್ತೇನ್ರಿ?" ಎಂದು ಕೇಳಿದಳು.

"ನೀವು ಬಂದಿದ್ರಿ" ಎಂದೆ. ಹಾಗೆ ಹೇಳಲಿಲ್ಲ, ಮೊದಲ ಸಲದ ಚೀಟಿಯನ್ನು ಜೇಬಿಗಿಟ್ಟುಕೊಂಡೆ ಅಷ್ಟೇ ಎಂದೂ ಒಮ್ಮೊಮ್ಮೆ ನೆನಪಾಗುತ್ತದೆ.

ಮುಂದಿನ ವಾರ ಮತ್ತೆ ಪಾಠವಿದೆ. ಈ ಸಲ ಎರಡೂ ಭೇಟಿಗಳನ್ನು ಹೇಳಬೇಕೆಂದು ಆ ಚೀಟಿಯನ್ನು ಚೀಲದಲ್ಲಿ ಇಟ್ಟುಕೊಂಡಿದ್ದೇನೆ. ಹೋದ ವರ್ಷವೂ ಇಟ್ಟುಕೊಂಡಿದ್ದೆ.