ಫಳಫಳಕ್ಕ ಮತ್ತು ನೇರಳೆ ಜೀವಿಗಳು

ನಮ್ಮ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುವ ಅಕ್ಕನಿಗೆ ನಾವಿಟ್ಟ ಹೆಸರು ಫಳಫಳಕ್ಕ. ಹತ್ತೊಂಬತ್ತು ವರ್ಷಗಳಲ್ಲಿ ಅವಳ ಕೈಯಿಂದ ಒಂದು ಕಲೆಯೂ ತಪ್ಪಿಸಿಕೊಂಡಿರಲಿಲ್ಲ. ಜಂಬವೂ ಅಷ್ಟೇ ಇತ್ತು. "ನಾನು ತೊಳೆದ ಬಾಟಲಿ ನೋಡ್ಕೊಂಡು ತಲೆ ಬಾಚ್ಕೋಬಹುದು" ಎನ್ನುತ್ತಿದ್ದಳು. ಹಾಗೆ ಅವಳು ತೊಳೆದುಹಾಕಿದ್ದರಲ್ಲಿ ನನ್ನ ನಾಲ್ಕು ವರ್ಷದ ಸಂಶೋಧನೆಯೂ ಒಂದು.

ಅವಳು ತೊಳೆದ ನನ್ನ ಬಾಟಲಿಯಲ್ಲಿದ್ದದ್ದು ಉಪ್ಪಿನ ಆಗರವೊಂದರಿಂದ ತಂದ ಆರ್ಕಿಯಾ ಎಂಬ ಸೂಕ್ಷ್ಮಜೀವಿಗಳು. ಇವಕ್ಕೆ ಉಪ್ಪೇ ಪ್ರಾಣ. ಸಿಹಿನೀರು ತಾಗಿದರೆ ಒಡೆದೇ ಹೋಗುತ್ತವೆ. ಬೆಳಕು ಬಿದ್ದೊಡನೆ ಇವುಗಳ ನೇರಳೆ ಪೊರೆ ಪ್ರೋಟಾನುಗಳನ್ನು ಹೊರಕ್ಕೆ ತಳ್ಳುತ್ತದೆ. ಆ ಬಲದಿಂದಲೇ ಇವುಗಳ ಹೊಟ್ಟೆಪಾಡು. ನನ್ನ ತಳಿಯ ಪೊರೆ ತೀರಾ ಮಂದ ಬೆಳಕಿನಲ್ಲೂ ದುಡಿಯುತ್ತಿತ್ತು. ಆ ಆಗರದ ಮೇಲೆ ಈಗ ರಸ್ತೆ ಬಂದಿದೆ, ಮತ್ತೆ ತರುವಂತಿಲ್ಲ. ಮಿಕ್ಕ ಬಾಟಲಿಗಳನ್ನು ಪರೀಕ್ಷೆಗೆಂದು ಪೊರೆ ಬೇರ್ಪಡಿಸುವ ಆತುರದಲ್ಲಿ ನಾನೇ ಖಾಲಿ ಮಾಡಿದ್ದೆ. ಉಳಿದ ಒಂದನ್ನು ಚೀಟಿ ಅಂಟಿಸದೆ ಸಾಮಾನು ತೊಳೆಯುವ ತೊಟ್ಟಿಯ ಪಕ್ಕ ಇಟ್ಟು ಫೋನಿನಲ್ಲಿ ಮಾತಾಡಲು ಹೋದೆ. ಬರುವಷ್ಟರಲ್ಲಿ ಅದು ಹೊಳೆಯುತ್ತಿತ್ತು.

ನನಗೋ ಮೂಗಿನ ತುದಿಯಲ್ಲೇ ಕೋಪ. ಬಾಯಿಗೆ ಬಂದಂತೆ ಬೈದೆ. ಅಕ್ಕ ಮಿಕ್ಕ ಸಾಮಾನು ತೊಳೆಯಲು ಹೋದಳು. ಮಧ್ಯಾಹ್ನ ನಾನು ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ ಬಂದು ನಿಂತಳು.

"ಉಪ್ಪುನೀರು ಒಣಗಿದ್ರೆ ಅವು ಸಾಯ್ತವೇನೇ?"

"ಇಲ್ಲಕ್ಕ, ಉಪ್ಪಿನ ಹರಳೊಳಗೆ ವರ್ಷಗಟ್ಟಲೆ ಬದುಕಿರ್ತವೆ. ಯಾಕೆ?"

ಅವಳ ಮುಖ ಕೆಂಪಾಯಿತು. "ಯಾರಿಗೂ ಹೇಳ್ಬೇಡ. ಹೋದ ವರ್ಷ ನಿನ್ನದೊಂದು ಬಾಟಲಿ ಸೋರಿತ್ತಲ್ಲ, ಕಪಾಟಿನ ಹಿಂದೆ... ಸೊಂಟ ನೋವು ಕಣೇ, ಬಗ್ಗಿ ಒರೆಸೋಕಾಗ್ಲಿಲ್ಲ. ಇನ್ನೂ ಹಾಗೇ ಇದೆ."

ಇಬ್ಬರೂ ಸೇರಿ ಕಪಾಟು ಎಳೆದೆವು. ಗೋಡೆಗೆ ಅಂಟಿದ್ದ ಗುಲಾಬಿ ಬಣ್ಣದ ಉಪ್ಪನ್ನು ಕೆರೆದು, ಅವುಗಳಿಗೆ ಬೇಕಾದ ಉಪ್ಪುನೀರಿಗೆ ಹಾಕಿಟ್ಟೆ. ಮೂರು ವಾರವಾದರೂ ಸದ್ದಿಲ್ಲ, ಸುದ್ದಿಯಿಲ್ಲ. ನಾನು ಆಸೆ ಬಿಟ್ಟೆ, ಅಕ್ಕ ಬಿಡಲಿಲ್ಲ. ದಿನಾ ಬಂದು ಇಣುಕುತ್ತಿದ್ದಳು. ಐದನೆಯ ವಾರ ನೀರು ನೇರಳೆಗೆ ತಿರುಗಿತು. ಕೋಣೆ ಕತ್ತಲು ಮಾಡಿ, ಮಂದ ದೀಪವೊಂದನ್ನು ಹಚ್ಚಿದೆ. ಪ್ರೋಟಾನು ಹೊರಬಂದರೆ ನೀರಿನಲ್ಲಿ ಆಮ್ಲ ಹೆಚ್ಚಿ, ಅದನ್ನು ಅಳೆಯುವ ಮೀಟರಿನ ಅಂಕಿ ಇಳಿಯಬೇಕು. ಇಳಿಯಿತು. ಪೊರೆ ಪ್ರೋಟಾನು ತಳ್ಳುತ್ತಿತ್ತು. ಅಕ್ಕನ ಕೈ ಹಿಡಿದು ಅತ್ತುಬಿಟ್ಟೆ, ಕ್ಷಮೆ ಕೇಳಿದೆ.

ಪ್ರಬಂಧದಲ್ಲಿ ತಳಿ ಎಲ್ಲಿ ಸಿಕ್ಕಿತೆಂದು ಬರೆಯಲೇಬೇಕು. ಹೆದರುತ್ತಲೇ ಕೇಳಿದೆ, "ಅಕ್ಕಾ, ಒರೆಸದ ಗೋಡೆ ಅಂತ ಬರೀಲಾ?"

ಅಕ್ಕ ಬಾಟಲಿಯನ್ನೇ ನೋಡುತ್ತ ನಿಂತಳು.

"ಬರ್ಕೋ. ಅವು ಬದುಕಿದ್ವಲ್ಲ, ನನ್ನ ಮಾನ ಹೋದ್ರೆ ಹೋಗ್ಲಿ."