ಚಾಕಿ ಮನೆಯ ಕೂಸು

ಮಧುವನಹಳ್ಳಿಯಲ್ಲಿ ನನ್ನ ತಂಗಿಯ ಮನೆಯ ಹಿಂದೆ ಒಂದು ಹುಳುಮನೆ ಇದೆ. ಅದರ ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕದಡಿದ ನೀರಿನಲ್ಲಿ ನೆನೆಸಿದ ಗೋಣಿಚೀಲ ಸದಾ ಹಾಸಿರುತ್ತದೆ. ಒಳಗೆ ಹೋಗುವವರು ಯಾರೇ ಆಗಲಿ, ಅದನ್ನು ತುಳಿದು ಪಾದ ನೆನೆಸಿಕೊಂಡೇ ಹೋಗಬೇಕು. ಆರೇಳು ವರ್ಷಗಳ ಹಿಂದೆ ಅಂಥದೇ ಇನ್ನೊಂದು ಗೋಣಿಚೀಲವನ್ನು ವಾಸದ ಮನೆಯ ಬಾಗಿಲಲ್ಲೂ ಕಂಡೆ. ಕಾಲೊರೆಸಲು ಹಾಸಿದ್ದಾರೆಂದುಕೊಂಡು ದಾಟಿ ಒಳಗೆ ಹೋಗಲು ನೋಡಿದೆ.

"ದಾಟ್ಬ್ಯಾಡ ಕಣಣ್ಣ, ತುಳ್ದು ಬಾ. ಕೈ ತೊಳ್ಕಂಡ್ಯಾ?" ಎಂದು ತಂಗಿ ಒಳಗಿನಿಂದಲೇ ಕೂಗಿದಳು.

"ನಾನು ಹುಳ ನೋಡಕ್ಕೆ ಬಂದಿಲ್ಲ ಕಣಮ್ಮ. ಕೂಸು ನೋಡಕ್ಕೆ ಬಂದಿದ್ದೀನಿ."

"ಅದ್ಕೇ ಕಣಣ್ಣ ಯೋಳ್ತಿರದು."

ನಾನು ನಗುತ್ತಾ ಕಾಲು ನೆನೆಸಿಕೊಂಡೆ. ಅವಳು ನಗಲಿಲ್ಲ.

ತಂಗಿ ಮತ್ತು ಅವಳ ಗಂಡ ಮಾಡುವುದು ಚಾಕಿ ಕೆಲಸ. ಎಂದರೆ, ರೇಷ್ಮೆ ಮೊಟ್ಟೆ ತಂದು ಮರಿ ಮಾಡಿ, ಎಳೆ ಹುಳುಗಳನ್ನು ಸಾಕಿ ರೈತರಿಗೆ ಕೊಡುವುದು. ಹುಳು ಮೇವು ಬಿಟ್ಟು, ತಲೆಯೆತ್ತಿ ಅಲುಗದೆ ಕೂತು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಎರಡನೇ ಜ್ವರ ದಾಟಿದ ಹುಳುವನ್ನು ಹನೂರು ಕಡೆಯವರೂ ಯಳಂದೂರು ಕಡೆಯವರೂ ಬಂದು ಒಯ್ಯುತ್ತಾರೆ. ಅಲ್ಲಿಯವರೆಗೆ ಅದಕ್ಕೆ ಏನೂ ಸೋಕಬಾರದು. ತಟ್ಟೆ ತೊಳೆಯಬೇಕು, ಗೋಡೆ ತೊಳೆಯಬೇಕು, ಸುಣ್ಣದ ಪುಡಿ ಉದುರಿಸಬೇಕು, ಸೊಪ್ಪು ಹೆಚ್ಚುವ ಕೈಯನ್ನು ಮತ್ತೆ ಮತ್ತೆ ತೊಳೆಯಬೇಕು. ಈ ಕೆಲಸದಲ್ಲಿ ಹೆದರಿಕೆ ಹುಟ್ಟಿಸುವ ಸಂಗತಿಯೊಂದಿದೆ. ಚಾಕಿ ಮನೆಯಲ್ಲಿ ಹೊಕ್ಕ ರೋಗ ಚಾಕಿ ಮನೆಯಲ್ಲಿ ಕಾಣುವುದಿಲ್ಲ. ಹುಳು ಚೆನ್ನಾಗಿಯೇ ಮೇಯುತ್ತಿರುತ್ತದೆ. ಒಯ್ದವರ ಮನೆಯಲ್ಲಿ, ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕು ಎನ್ನುವಾಗ, ಮೈ ಊದಿ ಹಾಲಿನಂಥ ನೀರು ಸುರಿದು ಸಾಯುತ್ತದೆ.

ಈ ಕೆಲಸದಲ್ಲಿ ನನ್ನ ತಂಗಿಗೆ ಒಳ್ಳೆಯ ಹೆಸರಿತ್ತು. ಆ ಹೆಸರು ಬಂದ ಕಾಲಕ್ಕೇ ಅವಳ ಮೊದಲ ಮಗು ಹೋಯಿತು.

ಗಂಡು ಮಗು. ಆಗಷ್ಟೇ ಬೋರಲು ಬೀಳಲು ಕಲಿತಿತ್ತು. ಮಳೆಗಾಲ ಶುರುವಾದಾಗ ಭೇದಿ ಹಿಡಿಯಿತು. ಕೊಳ್ಳೇಗಾಲಕ್ಕೆ ತಂದರು, ಅಲ್ಲಿಂದ ಮೈಸೂರಿಗೆ ಒಯ್ದರು. ಸೋಂಕು ನೀರಿನಿಂದ ಬಂದಿರಬಹುದು, ಕೈಯಿಂದ ಬಂದಿರಬಹುದು ಎಂದು ಅಲ್ಲಿ ಹೇಳಿದರು. ಮಣ್ಣು ಮಾಡಿ ಬಂದ ಮೇಲೆ ತಂಗಿ ಹುಳುಮನೆಗೆ ಹೋಗಿ ತಟ್ಟೆಗಳನ್ನು ನೋಡುತ್ತಾ ನಿಂತಿದ್ದಳು. ನಾನು ಕರೆಯಲು ಹೋದೆ. "ಇಸ್ಟು ಸಾವ್ರ ಹುಳುವ ಒಂದೂ ಸಾಯ್ದಂಗ ನೋಡ್ಕತೀನಿ. ಒಂದು ಕೂಸ ನೋಡ್ಕಳಕ ಆಗ್ನಿಲ್ವಲ್ಲಣ್ಣ," ಎಂದಳು.

ಆಮೇಲೆ ಹುಟ್ಟಿದ್ದು ಹೆಣ್ಣುಮಗು. ಅವಳಿಗಾಗಿ ಹಾಸಿದ್ದೇ ಆ ಎರಡನೇ ಗೋಣಿಚೀಲ.

ಕೊಟ್ಟಿಗೆಯ ಹಸುಗಳನ್ನು ಹೊಲದ ಮನೆಗೆ ಸಾಗಿಸಿದರು. ಸಗಣಿ ಮುಟ್ಟಿದ ಕೈ ಎಂದು ತಂಗಿ ತನ್ನ ಅತ್ತೆಗೆ ಮಗುವನ್ನು ಎತ್ತಿಕೊಳ್ಳಲು ಬಿಡುತ್ತಿರಲಿಲ್ಲ. ನೆಲವನ್ನು ದಿನವೂ ಬ್ಲೀಚಿಂಗ್ ನೀರಿನಿಂದ ಒರೆಸುತ್ತಿದ್ದರು. ಗಿಲಕಿ, ಹಾಸಿಗೆ, ತೊಟ್ಟಿಲ ಹಗ್ಗ ಎಲ್ಲಕ್ಕೂ ಅದೇ ವಾಸನೆ. ಮಗು ಅಂಗಳಕ್ಕೆ ಇಳಿಯುವಂತಿಲ್ಲ. ಹೊರಗಿನವರು ಕೊಟ್ಟದ್ದು ತಿನ್ನುವಂತಿಲ್ಲ. ಮನೆಯಲ್ಲೂ ಹಾಲು, ಅನ್ನ, ಬೇಯಿಸಿದ ಬೇಳೆ, ಅಷ್ಟೆ. "ಮೈ ಗಟ್ಟಿಯಾಗ್ಲಿ. ಆಮ್ಯಾಕ ಎಲ್ಲಾನೂವಿ ಕೊಡನ," ಎನ್ನುತ್ತಿದ್ದಳು. ಎರಡನೇ ಜ್ವರ ದಾಟಲಿ ಎನ್ನುವ ಧಾಟಿಯಲ್ಲೇ.

ಜಗಲಿಯಲ್ಲಿ ಕೂತ ಅತ್ತೆ ನನ್ನನ್ನು ಕಂಡರೆ ಬಿಡುತ್ತಿರಲಿಲ್ಲ. "ನೋಡ್ಲಾ ಮಗ, ನಿನ್ ತಂಗಿ ನನ್ನೇ ರೋಗ ಮಾಡ್ಬುಟ್ಟವ್ಳ. ನಾನು ಆರು ಕೂಸ ಎತ್ತಿ ಸಾಕಿವ್ನಿ ಕಣ್ಲಾ. ಯಾವ್ದಕ್ಕ ಪೌಡ್ರು ಆಕಿದ್ದೆ?"

ಬೀದಿಯ ಹೆಂಗಸರದು ಇನ್ನೊಂದು ತಮಾಷೆ. "ಏನವ್ವ, ನಿನ್ ಮೊಮ್ಮಗ್ಳು ಹಣ್ಣಾಗದು ಯಾವಾಗ? ಗೂಡು ಕಟ್ಟಕ ಚಂದ್ರಿಕ ತಟ್ಟೆ ತಂದು ಮಡುಗ್ಬೇಕಾ?"

ಅತ್ತೆಯೂ ನಕ್ಕುಬಿಡುತ್ತಿದ್ದರು. ಆದರೆ ಆರು ಹೆತ್ತ ಆಕೆಗೆ ಉಳಿದದ್ದು ನಾಲ್ಕು. ಅದನ್ನು ಆಕೆ ಹೇಳುತ್ತಿರಲಿಲ್ಲ. ತಂಗಿಗೆ ಅದು ಗೊತ್ತಿತ್ತು.

ಮೊದಲು ಕಂಡದ್ದು ಮೊಣಕೈ ಮಡಿಕೆಯಲ್ಲಿ ಕೆಂಪು ಕಜ್ಜಿ. ಬೇಸಿಗೆ ಬೆವರು ಎಂದುಕೊಂಡರು. ಚಳಿಗಾಲ ಬಂದರೂ ಅದು ಹೋಗಲಿಲ್ಲ. ಮಗು ನಡೆಯಲು ಕಲಿತ ಮೇಲೆ ಕೆಮ್ಮು ಹಿಡಿಯಿತು. ಕೆಮ್ಮಿನ ಹಿಂದೆಯೇ ಎದೆಯಿಂದ ಸಣ್ಣಗೆ ಸಿಳ್ಳೆಯಂಥ ಸದ್ದು. ಉಸಿರು ಎಳೆಯುವಾಗ ಪಕ್ಕೆಯ ಚರ್ಮ ಒಳಕ್ಕೆ ಜಗ್ಗುವುದನ್ನು ನಾನೇ ನೋಡಿದ್ದೇನೆ. ಮಲಗಿದರೆ ಕಷ್ಟವೆಂದು ಅವಳೇ ಕಂಡುಕೊಂಡು, ದಿಂಬಿಗೆ ಒರಗಿ ಕೂತು ನಿದ್ದೆ ಮಾಡುತ್ತಿದ್ದಳು.

ತಂಗಿಗೆ ಇದರ ಅರ್ಥ ಒಂದೇ. ಎಲ್ಲಿಂದಲೋ ಏನೋ ಒಳಗೆ ಹೊಕ್ಕಿದೆ. ಪುಡಿಯನ್ನು ಇನ್ನೂ ಒಂದು ಹಿಡಿ ಹೆಚ್ಚು ಹಾಕಿದಳು. ದಿನಕ್ಕೊಮ್ಮೆ ಒರೆಸುತ್ತಿದ್ದ ನೆಲವನ್ನು ಬೆಳಿಗ್ಗೆ ಸಂಜೆ ಒರೆಸಿದಳು. ಮಗು ಕೆಮ್ಮಿದಷ್ಟೂ ಮನೆ ಶುಭ್ರವಾಗುತ್ತಿತ್ತು.

ಕೊಳ್ಳೇಗಾಲದ ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ನಾನೂ ಜೊತೆಗಿದ್ದೆ. ಅವರು ಮಗುವಿನ ಅಂಗಿಯನ್ನು ಮೂಗಿನ ಹತ್ತಿರ ಹಿಡಿದು, "ಇದೇನು ವಾಸನೆ?" ಎಂದರು. ತಂಗಿ ಎಲ್ಲವನ್ನೂ ವಿವರಿಸಿದಳು, ಕೆಲಸ ಬಲ್ಲವರ ಹೆಮ್ಮೆಯಿಂದಲೇ.

"ಒಂದು ಮಾತು ಗಟ್ಟಿಯಾಗಿ ಹೇಳ್ತೀನಮ್ಮ," ಎಂದರು ಡಾಕ್ಟರು ಕೊನೆಗೆ. "ಈ ಪುಡಿ ಮನೆಯೊಳಗೆ ಇವತ್ತಿಗೇ ನಿಲ್ಲಬೇಕು. ಅದರ ಗಾಳಿ ಇಂಥ ಎದೆಗೆ ಆಗಲ್ಲ. ಇನ್ನೊಂದು ಮಾತನ್ನ ಅಷ್ಟು ಗಟ್ಟಿಯಾಗಿ ಹೇಳಕ್ಕಾಗಲ್ಲ. ಮಕ್ಕಳ ಮೈ ಯಾವುದು ಶತ್ರು, ಯಾವುದು ಅಲ್ಲ ಅನ್ನೋದನ್ನ ಎಳೆಯದ್ರಲ್ಲೇ ಕಲೀಬೇಕು. ಹಸು, ಮಣ್ಣು, ನಾಲ್ಕು ಜನ ಮಕ್ಕಳು, ಇವೆಲ್ಲ ಇದ್ದ ಕಡೆ ಅಲರ್ಜಿ ಕಡಿಮೆ ಅಂತ ತಿಳಿದೋರು ಹೇಳ್ತಾರೆ. ನಿಮ್ಮ ಮಗುಗೆ ಅದರಿಂದಲೇ ಹಿಂಗಾಯ್ತಾ ಅಂದ್ರೆ ನನಗೆ ಗೊತ್ತಿಲ್ಲ."

"ಅಂದ್ರ, ಕೊಳೇಲಿ ಬುಡ್ಬೇಕಾ ಸಾ? ಬುಟ್ಟಿದ್ಕೇ ಒಂದು ಓಯ್ತು," ಎಂದಳು ತಂಗಿ.

ಡಾಕ್ಟರು, "ಇಲ್ಲಮ್ಮ. ನೀರು ಕಾಯಿಸಿ ಕೊಡದು, ಊಟಕ್ಕೆ ಮೊದ್ಲು ಕೈ ತೊಳೆಯದು, ಲಸಿಕೆ, ಇವು ಯಾವುದೂ ನಿಲ್ಲಬಾರದು. ಮಗು ಮಾತ್ರ ಅಂಗಳಕ್ಕೆ ಇಳೀಲಿ," ಎಂದರು.

ಆ ದಿನಗಳಲ್ಲೇ ನಮ್ಮ ಪತ್ರಿಕೆಯ ಕೆಲಸದ ಮೇಲೆ ಮಾರ್ಟಳ್ಳಿ ಕಡೆಗೆ ಹೋಗಿದ್ದೆ. ಒಂದು ಅಂಗಳದಲ್ಲಿ ಅಂಬೆಗಾಲಿಡುವ ಕೂಸು ಮೇಕೆ ಹಿಕ್ಕೆಯ ನಡುವೆ ಕೂತು ಮಣ್ಣು ಬಾಯಿಗಿಟ್ಟುಕೊಳ್ಳುತ್ತಿತ್ತು. ತಾಯಿಗೆ ತೋರಿಸಿದೆ. "ತಿನ್ಲಿ ಬುಡಿ ಸಾ, ಒಣ್ಣುಮ್ ಆಗಾದಿಲ್ಲ. ಪೇಪರ್ನಾಗ ಮಾತ್ರ ಆಕ್ಬ್ಯಾಡಿ, ಮಣ್ಣಿಗೂ ರೇಟು ಕಟ್ಟಾರು," ಎಂದು ತಮಿಳು ಬೆರೆತ ಕನ್ನಡದಲ್ಲಿ ಹೇಳಿ ನಕ್ಕಳು. ಗಟ್ಟಿಮುಟ್ಟಾದ ಮಗು. ಇದನ್ನು ತಂಗಿಗೆ ಹೇಳಬೇಕು ಎಂದುಕೊಂಡೆ. ಅದೇ ಬೀದಿಯ ಕೊನೆಯ ಮನೆಯಲ್ಲಿ ನೀರು ಕುಡಿಯಲು ಕೂತಾಗ, ಕಳೆದ ಮಳೆಗಾಲದಲ್ಲಿ ಆ ಮನೆಯ ಮಗು ವಾಂತಿಭೇದಿಯಿಂದ ಹೋದದ್ದು ತಿಳಿಯಿತು. ಎರಡೂ ಒಂದೇ ಬೀದಿ, ಒಂದೇ ಮಣ್ಣು. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಅದು ಸುದ್ದಿಯಾಗುವುದಿಲ್ಲ ಎಂಬುದು ನಾನು ಕಲಿತ ಕಸುಬು. ತಂಗಿಗೆ ಎರಡನ್ನೂ ಹೇಳಲಿಲ್ಲ.

ಆದರೂ ಅವಳು ಡಾಕ್ಟರ ಮಾತು ಕೇಳಿದಳು. ಹೊಸ್ತಿಲ ಗೋಣಿಚೀಲ ತೆಗೆದಳು. ಮನೆಯಲ್ಲಿ ವಾಸನೆ ಕಡಿಮೆಯಾಯಿತು, ಸಿಳ್ಳೆಯೂ ಕಡಿಮೆಯಾಯಿತು. ಮಗು ಅಂಗಳಕ್ಕೆ ಇಳಿದು, ಬರಿಗಾಲಿಗೆ ಮಣ್ಣು ತಾಗಿದ್ದಕ್ಕೆ ಅತ್ತಿತು. ಎರಡು ದಿನದಲ್ಲಿ ಆ ಅಳು ನಿಂತು ಓಡಾಟ ಶುರುವಾಯಿತು. ಹಸುಗಳು ಕೊಟ್ಟಿಗೆಗೆ ಮರಳಿದವು. ಎಲ್ಲಕ್ಕಿಂತ ಹೆಚ್ಚು ಖುಷಿಪಟ್ಟವರು ಅತ್ತೆ. ಮೊಮ್ಮಗಳನ್ನು ಸೊಂಟದಿಂದ ಇಳಿಸುತ್ತಲೇ ಇರಲಿಲ್ಲ.

ಕಡಲೆಕಾಯಿ ಕಿತ್ತ ಕಾಲ. ಒಂದು ಭಾನುವಾರ ಮಧ್ಯಾಹ್ನ ನಾನು ಅಲ್ಲೇ ಇದ್ದೆ. ಅತ್ತೆ ಜಗಲಿಯಲ್ಲಿ ಕೂತು, ಬೇಯಿಸಿದ ಕಡಲೆಕಾಯಿ ಸುಲಿದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಮಗು ಕೈಚಾಚಿತು. ಅತ್ತೆ ತಂಗಿಯ ಮುಖ ನೋಡಿದರು.

"ಕೊಡಿ ಅತ್ತೆ," ಎಂದಳು ತಂಗಿ. ಅವಳ ಮುಖದಲ್ಲಿ ಬಹಳ ವರ್ಷಗಳ ನಂತರ ಒಂದು ಹಗುರತನ ಕಂಡೆ.

"ಅಂತೂ ಅಪ್ಪಣೆಯಾಯ್ತು ಕಣವ್ವ ನಿಮ್ಮವ್ವಂದು," ಎಂದು ಅತ್ತೆ ಒಂದು ಬೀಜವನ್ನು ಹಿಸುಕಿ ಮಗುವಿನ ಬಾಯಿಗಿಟ್ಟರು.

ಮಗು ತಿಂದಿತು. ಇನ್ನೊಂದು ಕೇಳಿತು. ಕೇಳುತ್ತಲೇ ತುಟಿ ಕೆರೆದುಕೊಂಡಿತು. ನಾನು ನೋಡುತ್ತಿದ್ದ ಹಾಗೆಯೇ ತುಟಿ ದಪ್ಪವಾಯಿತು, ಕಣ್ಣಿನ ರೆಪ್ಪೆ ಊದಿತು, ಕತ್ತಿನ ಮೇಲೆ ಗಂಧೆಗಳು ಎದ್ದವು. ಮಗು ಅಳಲು ಬಾಯಿ ತೆರೆಯಿತು. ಸದ್ದು ಬರಲಿಲ್ಲ.

ಎಲ್ಲರನ್ನೂ ನನ್ನ ಕಾರಿಗೆ ಹತ್ತಿಸಿಕೊಂಡು ಕೊಳ್ಳೇಗಾಲಕ್ಕೆ ಹೊರಟೆ. ದಾರಿಯುದ್ದಕ್ಕೂ ತಂಗಿ ಮಗುವಿನ ಎದೆಯ ಮೇಲೆ ಅಂಗೈ ಇಟ್ಟುಕೊಂಡು, ಅದು ಏರುವುದನ್ನೇ ಕಾಯುತ್ತಿದ್ದಳು. ಅತ್ತೆ ಹಿಂದಿನ ಸೀಟಿನಲ್ಲಿ ತನ್ನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಲೇ ಇದ್ದರು. ಆಸ್ಪತ್ರೆಯಲ್ಲಿ ತೊಡೆಗೆ ಇಂಜೆಕ್ಷನ್ ಕೊಟ್ಟರು. ನೀಲಿಗಟ್ಟಿದ್ದ ತುಟಿಗೆ ನಿಧಾನವಾಗಿ ಬಣ್ಣ ಬಂತು. ಮಗು ಅತ್ತಿತು. ಆ ಅಳುವಿನಂಥ ಒಳ್ಳೆಯ ಸದ್ದನ್ನು ನಾನು ಕೇಳಿಲ್ಲ.

"ನಾನೇ ಕೊಟ್ನಲ್ಲಪ್ಪ, ಈ ಕೈಯಲ್ಲೇ," ಎಂದು ಅತ್ತೆ ಎಲ್ಲರ ಮುಂದೆಯೂ ಕೈ ಚಾಚಿ ತೋರಿಸುತ್ತಿದ್ದರು. "ಕೊಡಿ ಅಂದಿದ್ದು ನಾನು ಅತ್ತೆ," ಎಂದಳು ತಂಗಿ.

ಡಾಕ್ಟರನ್ನು ನಾನು ಹೊರಗೆ ಬಂದು ಕೇಳಿದೆ. ಮುಂಚೆಯೇ ಚೂರು ಚೂರು ಕೊಟ್ಟಿದ್ದರೆ? ಹಸುಗಳನ್ನು ಸಾಗಿಸದೇ ಇದ್ದಿದ್ದರೆ? ಅವರು ನನ್ನ ಕೈಯಲ್ಲಿ ಪೆನ್ನು ಇದೆಯೇ ಎಂದು ನೋಡಿದರು. ಇರಲಿಲ್ಲ. "ಇರಬಹುದು," ಎಂದರು. "ಹಂಗೆಲ್ಲ ಬೆಳೆದ ಮಕ್ಕಳಿಗೂ ಹಿಂಗಾಗೋದುಂಟು. ಇನ್ನು ಮೇಲೆ ಕಡಲೆಕಾಯಿ ಒಂದು ಚೂರೂ ಹೋಗಬಾರದು. ಮುಂದಿನ ಸಲ ಇದಕ್ಕಿಂತ ಜೋರಾಗಬಹುದು." ನನ್ನ ಕಸುಬಿನಲ್ಲಿ 'ಬಹುದು' ಎಂಬ ಮಾತನ್ನು ಎಷ್ಟೋ ಸಲ ಬರೆದಿದ್ದೇನೆ. ಒಂದು ಮನೆ ಅದರ ಕೆಳಗೆ ಬದುಕುವುದನ್ನು ಆಗಲೇ ನೋಡಿದ್ದು.

ಹುಳುವಿಗೆ ಆಯುಸ್ಸು ಒಂದು ತಿಂಗಳು. ಅದು ಲೋಕವನ್ನು ಪರಿಚಯ ಮಾಡಿಕೊಳ್ಳಬೇಕಾಗಿಲ್ಲ. ತಂಗಿಯ ಲೆಕ್ಕ ತಪ್ಪಿದ್ದರೆ, ತಪ್ಪಿದ್ದು ಅಲ್ಲಿ.

ಈ ವರ್ಷ ಮಗು ಶಾಲೆಗೆ ಸೇರಿದೆ. ಅಲ್ಲಿ ಊಟದ ಜೊತೆ ಮೊಟ್ಟೆ ಕೊಡುವ ದಿನ, ಮೊಟ್ಟೆ ತಿನ್ನದ ಮನೆಗಳ ಮಕ್ಕಳಿಗೆ ಬಾಳೆಹಣ್ಣು, ಇಲ್ಲವೇ ಕಡಲೆಕಾಯಿ ಚಿಕ್ಕಿ. ನಮ್ಮದೂ ಮೊಟ್ಟೆ ಮುಟ್ಟದ ಮನೆ. ಚಿಕ್ಕಿಯ ಸಾಲಿನಲ್ಲೇ ಅವಳ ಹೆಸರಿತ್ತು. ತಂಗಿ ಮೊದಲೇ ಹೋಗಿ ಹೇಳಿದಳು. ಟೀಚರಮ್ಮ ಒಳ್ಳೆಯವರು, ಒಪ್ಪಿದರು. "ನಿಮ್ಮ ಮಗೂಗೆ ಹಣ್ಣೇ ಕೊಡ್ತೀವಿ. ಆದ್ರೆ ಬೇರೆ ಮಕ್ಕಳ ಕೈ ಹಿಡ್ಕೊಂಡು ಕೂರಕ್ಕೆ ಆಗಲ್ಲ ಕಣಮ್ಮ."

ಚಿಕ್ಕಿ ಹಂಚುವ ದಿನಗಳಲ್ಲಿ ತಂಗಿ ಸೊಪ್ಪು ಕೊಯ್ಯುವುದನ್ನು ಗಂಡನಿಗೆ ಬಿಟ್ಟು, ಶಾಲೆಯ ಗೇಟಿನ ಹೊರಗೆ ಹೊಂಗೆ ಮರದಡಿ ಕೂರುತ್ತಾಳೆ. ಮಡಿಲಲ್ಲಿ ಚೀಲ, ಚೀಲದಲ್ಲಿ ಡಾಕ್ಟರು ಚುಚ್ಚುವುದನ್ನು ಹೇಳಿಕೊಟ್ಟ ಇಂಜೆಕ್ಷನ್. ಹುಳುಮನೆಯಿಂದ ನೇರವಾಗಿ ಬರುವ ಅವಳ ಕೈಗೆ ಇನ್ನೂ ಬ್ಲೀಚಿಂಗ್ ವಾಸನೆ ಇರುತ್ತದೆ. ಮೊನ್ನೆ ಆ ದಾರಿಯಲ್ಲಿ ಹೋಗುತ್ತಾ ಅವಳ ಪಕ್ಕ ಹೋಗಿ ಕೂತೆ.

ಚಿಕ್ಕಿ ಹಂಚಿ ಮುಗಿದಿತ್ತು. ಗೇಟಿನೊಳಗೆ ನನ್ನ ಸೊಸೆ, ತಂಗಿಯ ಮಗಳು, ಶಾಲೆಯ ಕಟ್ಟೆಯ ತುದಿಯಲ್ಲಿ ಬಾಳೆಹಣ್ಣಿನ ಸಿಪ್ಪೆ ಹಿಡಿದು ಒಬ್ಬಳೇ ಕೂತಿದ್ದಳು. ಅವಳದೇ ವಯಸ್ಸಿನ ಹುಡುಗಿಯೊಬ್ಬಳು ಬೆರಳು ನೆಕ್ಕುತ್ತಾ ಬಂದು, "ಬಾರೇ, ಆಟಕ್ಕೆ," ಎಂದು ಕೈಚಾಚಿದಳು. ಬೆಲ್ಲದ ಪಾಕದಿಂದ ಆ ಕೈ ಬಿಸಿಲಿಗೆ ಹೊಳೆಯುತ್ತಿತ್ತು.

ಸೊಸೆ ಆ ಕೈಯನ್ನು ನೋಡಿದಳು. "ಕೈ ತೊಳ್ಕಂಡ್ಯಾ?" ಎಂದಳು. ಧ್ವನಿ ಥೇಟು ಅವಳ ಅವ್ವನದು.

"ಇಲ್ಲ. ತಡಿ, ತೊಳ್ಕ ಬತ್ತೀನಿ," ಎಂದು ಹುಡುಗಿ ನಗುತ್ತಾ ನಲ್ಲಿಗೆ ಓಡಿ ತಿರುಗಿಸಿದಳು. ನಲ್ಲಿ ಗೊರಗೊರ ಎಂದಿತು. ನೀರು ಬರಲಿಲ್ಲ. ಹುಡುಗಿ ಎರಡೂ ಕೈಯನ್ನು ಲಂಗಕ್ಕೆ ಚೆನ್ನಾಗಿ ಒರೆಸಿಕೊಂಡು, "ಆಯ್ತು," ಎನ್ನುತ್ತಾ ಕಟ್ಟೆಯ ಕಡೆಗೆ ಓಡಿ ಬಂದಳು.

ಸೊಸೆಯ ಕೈ ಅರ್ಧ ಮುಂದಕ್ಕೆ ಬಂದಿತ್ತು. ನನ್ನ ಪಕ್ಕದಲ್ಲಿ ತಂಗಿ ಚೀಲ ಹಿಡಿದು ಎದ್ದು ನಿಂತಳು.