ಕತ್ತರಿ ಮುಟ್ಟದೆ ಬಿಡಿಸಿದ ಜಟೆ

ಪ್ರಸನ್ನಲಕ್ಷ್ಮಿ ತೀರಿಕೊಂಡಳು. ಮಂಗಳವಾರ ಬೆಳಿಗ್ಗೆ, ರಾಯದುರ್ಗದಲ್ಲಿ, ತನ್ನ ಮನೆಯ ಹಿತ್ತಲಲ್ಲಿ. ವಯಸ್ಸು ಐವತ್ತೆರಡು. ಹೃದಯಾಘಾತ ಎಂದರು ಡಾಕ್ಟರು. ಓಣಿಯಲ್ಲಿ ಬೇರೆ ಮಾತಿದೆ: ದೇವಿ ಅಮ್ಮ ಕೊಟ್ಟ ಜಟೆಗೆ ಕೈಹಾಕಿದಳು, ಅಮ್ಮ ಸುಮ್ಮನೆ ಬಿಡಲಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುವುದು ಒಳ್ಳೆಯದು.

ಅವಳು ಮಡಕಶಿರಾ ಕಡೆಯವಳು, ಗುಡಿಬಂಡೆಯ ಹತ್ತಿರದ ಹಳ್ಳಿ. ಟೈಲರ್ ಗಂಡನ ಹಿಂದೆ ರಾಯದುರ್ಗಕ್ಕೆ ಬಂದಳು. ಗಂಡ ಹೋದಮೇಲೆ ಜೀನ್ಸ್ ಯೂನಿಟ್ಟಿನಲ್ಲಿ ಹೊಲಿದ ಪ್ಯಾಂಟಿನ ಜೋಲುದಾರ ಕತ್ತರಿಸುವ ಕೆಲಸ ಹಿಡಿದಳು. ಎಷ್ಟು ವರ್ಷವಾದರೂ ತವರಿನ ಮಾತು ನಾಲಿಗೆಯಿಂದ ಇಳಿಯಲಿಲ್ಲ. ಹುಡುಗಿಯರು "ಯಾಕ್ ಕಣಮ್ಮಾ, ಸುಮ್ಕೆ ಕೂತ್ಕಳಮ್ಮಾ" ಎಂದು ಅಣಕಿಸಿದರೆ, "ನೀವು ಮಾತಾಡಿದ್ರೆ ಜಗಳ ಆಡ್ದಂಗಿರ್ತೈತೆ, ನಂದೇ ವಾಸಿ" ಅನ್ನುತ್ತಿದ್ದಳು.

ಊಟದ ಹೊತ್ತಿಗೆ ತಲೆಗೆ ಸುತ್ತಿದ ಬಟ್ಟೆ ಬಿಚ್ಚಿದಳೆಂದರೆ ಸೊಂಟ ದಾಟುವ ಕೂದಲು. ಆ ವಯಸ್ಸಿಗೂ ಅದರಲ್ಲಿ ಬಿಳಿ ಹುಡುಕಬೇಕಿತ್ತು.

"ಯಾವ ಎಣ್ಣಿ ಅಕ್ಕ?"

"ನಿಮ್ಮನೇಲಿರೋದೇ ಕಣಮ್ಮ. ಹಚ್ಚೋದು ನಿಮಗೂ ಗೊತ್ತು. ತೆಗೆಯೋದು ಕಲೀರಿ."

ಅವಳದು ಇಷ್ಟೇ. ತಲೆ ತೊಳೆಯುವ ದಿನ ಮಾತ್ರ ಎಣ್ಣೆ. ಅಂಗೈ ಒದ್ದೆಯಾಗುವಷ್ಟು ಕೊಬ್ಬರಿ ಎಣ್ಣೆ, ಅದಕ್ಕೆ ಒಂದೆರಡು ಹನಿ ಹರಳೆಣ್ಣೆ. ತುದಿಗೆ ಹೆಚ್ಚು, ಬುಡಕ್ಕೆ ಕಡಿಮೆ. ಅನ್ನ ಬೇಯುವಷ್ಟು ಹೊತ್ತು ಬಿಟ್ಟು, ಸೀಗೆಪುಡಿ ಹಾಕಿ ಬುಡ ಕಿರ್ ಎನ್ನುವವರೆಗೆ ತೊಳೆಯುವುದು. ಕೆಲಸಕ್ಕೆ ಒಣತಲೆಯಲ್ಲಿ, ಬಟ್ಟೆ ಕಟ್ಟಿಕೊಂಡು ಹೋಗುವುದು. ಯೂನಿಟ್ಟಿನ ಉಳಿದವರದು ಇದರ ತಿರುವುಮುರುವು. ಜೀನ್ಸಿನ ನೀಲಿ ಧೂಳು ಕೂದಲೊಳಗೆ ಇಳಿಯಬಾರದೆಂದು ಅವರು ಬೆಳಿಗ್ಗೆ ತೊಟ್ಟಿಕ್ಕುವಂತೆ ಎಣ್ಣೆ ಹಚ್ಚಿಯೇ ಬರುತ್ತಿದ್ದರು. ಧೂಳು ಆ ಎಣ್ಣೆಗೇ ಅಂಟಿ ಕೂರುತ್ತಿತ್ತು. ಮರುದಿನ ಅದರ ಮೇಲೆ ಮತ್ತೆ ಎಣ್ಣೆ.

ತನುಶ್ರೀಯದೂ ಹಾಗೆಯೇ ಆದದ್ದು. ಪ್ರಸನ್ನಲಕ್ಷ್ಮಿಯ ಪಕ್ಕದ ಮನೆಯ ಹುಡುಗಿ, ಅದೇ ಯೂನಿಟ್ಟಿನಲ್ಲಿ ಗುಂಡಿ ಹಾಕುತ್ತಿದ್ದಳು. ಕಟಿಂಗ್ ಮಾಸ್ಟರ್ ತಿರುಪತಿಯೊಂದಿಗೆ ವೀಳ್ಯಶಾಸ್ತ್ರ ಆಗಿತ್ತು. ಇಬ್ಬರೂ ಒಪ್ಪಿ ಆದದ್ದು. ಅಷ್ಟರಲ್ಲಿ ಟೈಫಾಯ್ಡ್ ಬಂದು ಹುಡುಗಿ ಹಾಸಿಗೆ ಹಿಡಿದಳು. ತಲೆಗೆ ನೀರು ಬೇಡವೆಂದು ಅಜ್ಜಿ ಪುಟ್ಟಕ್ಕ ನೀರು ಸೋಕಿಸಲಿಲ್ಲ. ಜ್ವರದ ಕಾವು ಇಳಿಯಲಿ ಎಂದು ದಿನಾ ನೆತ್ತಿಗೆ ಹರಳೆಣ್ಣೆ ಸುರಿದಳು. ಹುಡುಗಿ ಎದ್ದು ಕೂರುವ ಹೊತ್ತಿಗೆ ಕತ್ತಿನ ಹಿಂದೆ, ಹೆಡಕಿನ ಮೇಲಿನ ಕೂದಲೆಲ್ಲ ಒಂದೇ ಗಡ್ಡೆ.

ಪುಟ್ಟಕ್ಕ ಬಾಚಣಿಗೆ ಕೆಳಗಿಟ್ಟು ಕೈಮುಗಿದಳು. "ಅಮ್ಮ ಬಂದಾಳ."

ಮುಂದಿನ ಮಂಗಳವಾರ ಅಮ್ಮನ ಗುಡಿಗೆ ಕರೆದೊಯ್ದು ಜಟೆಗೆ ಅಮ್ಮನ ಅರಿಶಿನ, ಭಂಡಾರ ಹಚ್ಚಿಸುವುದೆಂದು ಮಾತಾಯಿತು. ಒಮ್ಮೆ ಭಂಡಾರ ಬಿತ್ತೆಂದರೆ ಹುಡುಗಿ ಅಮ್ಮನ ಪಾಲು; ಆ ತಲೆಗೆ ಬಾಚಣಿಗೆ ಇಲ್ಲ, ಆ ಹುಡುಗಿಗೆ ಮದುವೆ ಇಲ್ಲ. ತನುಶ್ರೀ ಗೋಡೆಗೆ ಮುಖ ಮಾಡಿ ಮಲಗಿದಳು.

ಪ್ರಸನ್ನಲಕ್ಷ್ಮಿ ಹೋಗಿ ಜಟೆಯನ್ನು ಮೂಸಿ ನೋಡಿದಳು.

"ಕೊಟ್ರಬಸಪ್ಪ, ಇದು ಜಿಡ್ಡು ಕಣಪ್ಪ. ಮಂಗಳವಾರದವರೆಗೂ ನಂಗೆ ಬಿಡು, ಬಿಡಿಸಿ ಕೊಡ್ತೀನಿ."

ಹುಡುಗಿಯ ತಂದೆ ಕೊಟ್ರಬಸಪ್ಪ ತನ್ನ ತಾಯಿ ಪುಟ್ಟಕ್ಕನ ಮುಖ ನೋಡಿದ. "ನಮ್ಮವ್ವ ಏನಂತಾಳೋ ಹಂಗ್ರಿ ಅಕ್ಕಾರ."

"ಬಿಡಿಸ್ತಾಳಂತ ಬಿಡಿಸ್ತಾಳ!" ಎಂದಳು ಪುಟ್ಟಕ್ಕ. "ಪ್ರಸನ್ನಿ, ಪ್ಯಾಂಟಿನ ದಾರ ಅಲ್ಲ ಇದು. ಕತ್ತರಿ ಗಿತ್ತರಿ ಸೋಕೀತು, ಮನಿ ಹಾಳಾಗ್ತದ."

"ಕತ್ತರಿ ಮುಟ್ಟಲ್ಲ ಅಜ್ಜಿ. ನೀನೇ ಎದುರಿಗೆ ಕೂತು ಕಾಯಿ."

"ಕಾಯ್ತೀನಿ. ನಂಗೇನ್ ಬ್ಯಾರೆ ಉದ್ಯೋಗ?"

ಯಾರೂ ಗಮನಿಸದ ಸಂಗತಿ ಒಂದಿದೆ. ಪ್ರಸನ್ನಲಕ್ಷ್ಮಿ ದೇವರನ್ನು ನಂಬದವಳಲ್ಲ. ಮಂಗಳವಾರ ಒಪ್ಪೊತ್ತು ಇರುತ್ತಿದ್ದಳು. ಜಟೆಗೆ ಕೈಹಾಕುವ ಮೊದಲು ಗುಡಿಗೆ ಹೋಗಿ, ಸುತ್ತ ಯಾರಿಲ್ಲದಾಗ ಮೆಲ್ಲಗೆ ಹೇಳಿದಳು: "ನಿನ್ನದೇ ಆದ್ರೆ ಬಿಡಬ್ಯಾಡ ತಾಯಿ, ಗಟ್ಟಿಯಾಗಿ ಹಿಡ್ಕೊ. ಎಣ್ಣೆ ಧೂಳಿಂದಾದ್ರೆ ಬಿಟ್ಬಿಡು." ಮನೆಗೆ ಬರುವಾಗ ದಾರಿಯಲ್ಲಿ ಎರಡು ಕಡೆ ಕೂತು ಬಂದಳು. ಅದು ಹೆದರಿಕೆಯೋ, ಸಂಕ್ರಾಂತಿಯಿಂದ ಎಡಭುಜದಲ್ಲಿ ಆಗಾಗ ಎದ್ದು ಇಳಿಯುತ್ತಿದ್ದ ನೋವೋ, ಅವಳಿಗೇ ತಿಳಿಯಲಿಲ್ಲ. ಆ ನೋವಿಗೆ ಅನಂತಪುರಕ್ಕೆ ಹೋಗಿ ಎದೆ ತೋರಿಸಿಕೊಂಡು ಬಾ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹೋಗುವುದೆಂದು ಗೊತ್ತುಮಾಡಿಕೊಂಡಿದ್ದ ದಿನ ಇದೇ ವಾರದಲ್ಲಿತ್ತು. ಅವಳು ಹೋಗಲಿಲ್ಲ.

ಮೊದಲ ದಿನ ಅವಳೂ ತಪ್ಪಿದಳು. ಸಿಕ್ಕು ಸಡಿಲಾಗಲು ಎಣ್ಣೆ ಬೇಕು ಎಂದು ಪುಟ್ಟಕ್ಕ ಸೀಸೆ ಮುಂದೆ ಚಾಚಿದಳು. ಹಿರಿಯಳ ಮಾತು ಮೀರುವುದು ಬೇಡವೆಂದು ಪ್ರಸನ್ನಲಕ್ಷ್ಮಿ ಹಾಕಿದಳು. ಸಂಜೆಯ ಹೊತ್ತಿಗೆ ಗಡ್ಡೆ ಮೊದಲಿಗಿಂತ ಬಿಗಿಯಾಗಿತ್ತು, ತುಳಿದ ಕಂಬಳಿಯ ಹಾಗೆ.

"ನೋಡ್ದ್ಯಾ?" ಎಂದಳು ಪುಟ್ಟಕ್ಕ. "ಅಮ್ಮ ಬಿಗಿ ಹಿಡಿದಾಳ."

ಗುಡಿಯಲ್ಲಿ ತಾನೇ ಆಡಿದ ಮಾತು! ಅವತ್ತು ಅವಳಿಗೆ ಊಟ ಸೇರಲಿಲ್ಲ. ಬೆಳಗಾಗುವ ಹೊತ್ತಿಗೆ ಮನಸ್ಸು ಒಂದು ಕಡೆ ನಿಂತಿತು. ಯೂನಿಟ್ಟಿನ ಹುಡುಗಿಯರಿಗೆ ದಿನಾ ಹೇಳುವುದನ್ನು ತಾನೇ ಮರೆತಿದ್ದಳು: ಹಳೆಯದು ಹೋಗದೆ ಹೊಸ ಎಣ್ಣೆ ಹಾಕಬಾರದು.

ಅಂಟುವಾಳ ನೆನೆಸಿ, ಕಿವುಚಿ, ನೊರೆ ತೆಗೆದಳು. ಉಗುರುಬೆಚ್ಚಗಿನ ನೀರಿನಲ್ಲಿ ಆ ನೊರೆಯನ್ನು ಗಡ್ಡೆಗೆ ಕುಡಿಸಿ, ಉಜ್ಜದೆ, ಬರಿ ಒತ್ತಿ ಹಿಂಡಿದಳು. ಮೊದಲ ನೀರು ನೀಲಿಯಾಗಿ ಇಳಿಯಿತು. ಮತ್ತೆ ನೊರೆ, ಮತ್ತೆ ನೀಲಿ.

"ಬಣ್ಣ ಹಾಕೀ ಏನು?" ಎಂದಳು ಪುಟ್ಟಕ್ಕ ಅನುಮಾನದಿಂದ.

"ನಿನ್ ಮೊಮ್ಮಗಳ ತಲೇಲಿ ಅರ್ಧ ಪ್ಯಾಂಟ್ ಐತೆ ಅಜ್ಜಿ."

ತನುಶ್ರೀ ಕಾಯಿಲೆ ಬಿದ್ದಮೇಲೆ ನಕ್ಕದ್ದು ಆಗಲೇ. ಪುಟ್ಟಕ್ಕ ನಗಲಿಲ್ಲ.

ಕೂದಲು ಒಣಗಿದ ಮೇಲೆ ಗಡ್ಡೆಯ ಅಂಚಿಗೆ ಒಂದೇ ಹನಿ ಎಣ್ಣೆ. ಗೋಣಿ ಹೊಲಿಯುವ ದಬ್ಬಣದ ಮೊಂಡು ತುದಿಯಿಂದ ಎಳೆ ಎಳೆಯಾಗಿ ಬಿಡಿಸುವುದು, ತುದಿಯಿಂದ ಮೇಲಕ್ಕೆ. ಎಳೆ ತುಂಡಾದಾಗಲೆಲ್ಲ ಪುಟ್ಟಕ್ಕ ಅದನ್ನು ಎತ್ತಿ ಬೆಳಕಿಗೆ ಹಿಡಿದು, ಕತ್ತರಿಯ ಗುರುತಿದೆಯೇ ಎಂದು ನೋಡುತ್ತಿದ್ದಳು. ಯೂನಿಟ್ಟಿಗೆ ರಜೆ ಹೇಳಿ ಹಗಲೆಲ್ಲ ಇದೇ ಕೆಲಸ. ದಿನಗಳು ಹೋದವು, ಗಡ್ಡೆ ಮುಷ್ಟಿಯಷ್ಟಾಯಿತು, ಬಳಿಕ ನಿಂಬೆಹಣ್ಣಿನಷ್ಟು. ಆದರೆ ಮಂಗಳವಾರವೂ ಬಂದೇಬಿಟ್ಟಿತು.

ಬೆಳಿಗ್ಗೆಯೇ ಆಟೋ ಓಣಿಯ ಬಾಯಲ್ಲಿ ನಿಂತಿತು. ಕೊಟ್ರಬಸಪ್ಪ ಹಣ್ಣುಕಾಯಿಯ ಚೀಲ ಹಿಡಿದು ಬಾಗಿಲಲ್ಲೇ ನಿಂತ. ಪ್ರಸನ್ನಲಕ್ಷ್ಮಿಯ ಹಿತ್ತಲಲ್ಲಿ ಕೂತ ತನುಶ್ರೀಯ ಹೆಡಕಿನ ಮೇಲೆ ಇನ್ನೂ ಅಡಕೆಯಷ್ಟು ಗಂಟು ಉಳಿದಿತ್ತು. ಅಷ್ಟು ಉಳಿದರೂ ಸಾಕು, ಭಂಡಾರ ಹಚ್ಚಲು.

"ಲಗೂನ ಮಾಡ್ರಿ ಅಕ್ಕಾರ," ಎಂದ ಅವನು. ಬೇಗ ಮಾಡಬೇಕಾದ್ದು ಬಿಡಿಸುವುದೋ, ಗುಡಿಗೆ ಹೊರಡುವುದೋ ಎಂದು ಹೇಳಲಿಲ್ಲ.

ಆಗ ಪ್ರಸನ್ನಲಕ್ಷ್ಮಿಯ ಭುಜದ ನೋವು ಎದೆಗೆ ಇಳಿಯಿತು. ಹಣೆಯಲ್ಲಿ ತಣ್ಣನೆ ಬೆವರು. ದಬ್ಬಣ ಕೈಯಿಂದ ಜಾರಿತು.

"ಅಕ್ಕ, ದಬ್ಬಣ ಯಾಕ ಬಿಟ್ಟಿ?" ಎಂದಳು ತನುಶ್ರೀ.

"ತಿರುಗಬ್ಯಾಡ. ಸುಮ್ಕೆ ಕೂತ್ಕೊ."

ಇನ್ನೊಂದಿಷ್ಟು ಹೊತ್ತು ಸಿಕ್ಕಿದ್ದರೆ ತಾನೇ ಮುಗಿಸುತ್ತಿದ್ದಳು. ಆದರೆ ಈ ಗಂಟು ತನ್ನ ಕೈಯಲ್ಲಿ ಬಿಚ್ಚಿ, ಇದೇ ಹಿತ್ತಲಲ್ಲಿ ತಾನು ಬಿದ್ದರೆ, ಅಮ್ಮನೇ ಹೊಡೆದಳೆಂದು ಓಣಿಯವರು ಅಂದರೆ, ಹುಡುಗಿಯ ಗತಿ ಏನು? ಪ್ರಸನ್ನಲಕ್ಷ್ಮಿ ಎದುರಿನ ಮುದುಕಿಯ ಕಡೆ ನೋಡಿದಳು.

"ಅಜ್ಜಿ, ಬಾ ಇಲ್ಲಿ. ಇದಷ್ಟು ನಿನ್ ಕೈಲಿ ಆಗ್ಲಿ."

"ನಾನ್ಯಾಕ ಮುಟ್ಲಿ?"

"ಅಮ್ಮಂದಾದ್ರೆ ನಿನ್ ಕೈಗೆ ಬಿಡಲ್ಲ. ನೋಡ್ಬಿಡು."

ಪುಟ್ಟಕ್ಕ ಎದ್ದು ಬಂದು, ಸೆರಗಿನಲ್ಲಿ ಕೈ ಒರೆಸಿಕೊಂಡು, ಗಂಟನ್ನು ಎರಡು ಬೆರಳಲ್ಲಿ ಹಿಡಿದಳು. ಪ್ರಸನ್ನಲಕ್ಷ್ಮಿ ಗೋಡೆಗೊರಗಿ ಕೂತು, ಎಲ್ಲಿ ಎಳೆಯಬೇಕು, ಎಲ್ಲಿ ಬಿಡಬೇಕು ಎಂದು ಕಣ್ಣಿನಲ್ಲೇ ತೋರಿಸಿದಳು. ಗಂಟು ಅಲುಗಲಿಲ್ಲ. ಮುದುಕಿಯ ತುಟಿ ಏನೋ ಪಠಿಸುತ್ತಿತ್ತು. ಇದ್ದಕ್ಕಿದ್ದಂತೆ ಗಂಟು ಎರಡಾಗಿ, ಒಳಗಿಂದ ನೀಲಿ ಹಿಟ್ಟಿನಂಥ ಒಂದು ಉಂಡೆ ಅವಳ ಅಂಗೈಗೆ ಬಿತ್ತು. ಮೂಗಿನ ಹತ್ತಿರ ಒಯ್ದು ನೋಡಿದಳು.

"ನನ್ನ ಹರಳೆಣ್ಣಿ," ಎಂದಳು ಪುಟ್ಟಕ್ಕ.

ಕೊಟ್ರಬಸಪ್ಪ ಚೀಲ ಕೆಳಗಿಟ್ಟು, ಆಟೋದವನಿಗೆ ಹೋಗಲು ಹೇಳಲು ಓಡಿದ. ಪುಟ್ಟಕ್ಕ ಬಾಚಣಿಗೆ ತೆಗೆದುಕೊಂಡು ಮೊಮ್ಮಗಳ ನೆತ್ತಿಯ ಮೇಲಿಟ್ಟಳು. ಅದು ಹೆಡಕು ದಾಟಿತು, ಬೆನ್ನು ದಾಟಿತು, ಎಲ್ಲೂ ನಿಲ್ಲಲಿಲ್ಲ. ತನುಶ್ರೀ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಮುದುಕಿ ಮೂಗು ಒರೆಸಿಕೊಂಡು, ಬಾಚಿದ ತಲೆ ಒಣಗಿ ಕಾಣುತ್ತದೆಂದು, ಪಕ್ಕದ ಎಣ್ಣೆ ಸೀಸೆಯ ಮುಚ್ಚಳ ತಿರುಗಿಸಿದಳು.

"ಇವತ್ತು ಬ್ಯಾಡ ಅಜ್ಜಿ," ಎಂದಳು ಪ್ರಸನ್ನಲಕ್ಷ್ಮಿ. ಗೋಡೆಗೊರಗಿದ್ದಲ್ಲಿಂದಲೇ ಕೈ ಚಾಚಿ ಸೀಸೆ ಕಿತ್ತುಕೊಂಡು, ತನ್ನ ಮಡಿಲಲ್ಲಿಟ್ಟು, ಮುಚ್ಚಳ ಬಿಗಿ ಮಾಡಿದಳು.